ನಕ್ಷೆಯಲ್ಲಿ ತೇವವಿದೆ, ಮೆಕ್ಕೆಜೋಳದ ಎಲೆ ಸುರುಳಿಯಾಗುತ್ತಿದೆ: ಯಾವ ಲೆಕ್ಕ ನಂಬಿ ನೀರು ಕೊಡಬೇಕು?

ಪ್ರಶ್ನೆ

ಎರಡು ಹೆಕ್ಟೇರಿನಲ್ಲಿ ಮೆಕ್ಕೆಜೋಳ ಹಾಕಿದ್ದೇನೆ. ಬಿತ್ತಿ 72 ದಿನವಾಗಿದೆ, ಸೂಲಂಗಿ ಬಿಟ್ಟು ತೆನೆಯಲ್ಲಿ ರೇಷ್ಮೆ ಎಳೆಗಳು ಹೊರಬರುತ್ತಿವೆ. ಕೊಳವೆಬಾವಿಯಿಂದ ತುಂತುರು ನೀರಾವರಿ ಮಾಡುತ್ತೇನೆ. ಮೊಳಕೆ ಬಂದಂದಿನಿಂದ ಇಂದಿನವರೆಗೂ ದಿನಕ್ಕೆ 5 ಗಂಟೆ ಪಂಪು ಓಡಿಸುವ ಪದ್ಧತಿಯನ್ನು ಒಂದು ದಿನವೂ ತಪ್ಪಿಸಿಲ್ಲ. ಪಂಪು ಸೆಕೆಂಡಿಗೆ 5 ಲೀಟರ್ ಎತ್ತುತ್ತದೆ ಎಂದು ಅಳವಡಿಸಿದವರು ಹೇಳಿದ್ದರು.

ಈ ಸಲ ಅಂದಾಜಿಗಿಂತ ದತ್ತಾಂಶವನ್ನೇ ನೆಚ್ಚೋಣವೆಂದು ಮೊಬೈಲಿನಲ್ಲಿ ಎರಡು ಸೇವೆಗಳನ್ನು ಹಾಕಿಕೊಂಡೆ. ಒಂದು ಉಪಗ್ರಹ ಆಧಾರಿತ ಮಣ್ಣಿನ ತೇವಾಂಶದ ನಕ್ಷೆ ತೋರಿಸುತ್ತದೆ. ಅದರಲ್ಲಿ ನನ್ನ ಜಮೀನು ಮೂರು ವಾರದಿಂದ ನೀಲಿಯಾಗಿಯೇ ಇದೆ, ಅಂದರೆ ‘ಸಾಕಷ್ಟು ತೇವವಿದೆ’. ಇನ್ನೊಂದು ಬೆಳೆಯ ಹಸಿರಿನ ಸೂಚ್ಯಂಕವನ್ನೂ ಮಳೆಯನ್ನೂ ಕೊಡುತ್ತದೆ. ಹಸಿರು ಚೆನ್ನಾಗಿದೆ ಎನ್ನುತ್ತದೆ. ಕಳೆದ ವಾರ 18 ಮಿಲಿಮೀಟರ್ ಮಳೆಯಾಗಿದೆ ಎಂದೂ ತೋರಿಸಿತು, ಆದರೆ ಬದುವಿನ ಮೇಲೆ ನಾನಿಟ್ಟ ಡಬ್ಬಿಯಲ್ಲಿ ಸಿಕ್ಕಿದ್ದು 4 ಮಿಲಿಮೀಟರ್ ಮಾತ್ರ.

ಇಷ್ಟೆಲ್ಲ ಚೆನ್ನಾಗಿರುವಾಗ ನಾಲ್ಕು ದಿನದಿಂದ ಬೆಳಗಿನ ಹನ್ನೊಂದಕ್ಕೇ ಎಲೆಗಳು ಸುರುಳಿ ಸುತ್ತಿಕೊಳ್ಳುತ್ತಿವೆ, ಸಂಜೆ ತಡವಾಗಿ ಬಿಚ್ಚಿಕೊಳ್ಳುತ್ತಿವೆ. ಕಾಲಲ್ಲಿ ಕೆದಕಿದರೆ ಮೇಲ್ಮಣ್ಣು ಒದ್ದೆಯಾಗಿಯೇ ಇದೆ. ರೋಗವಿರಬಹುದೆಂದು ನೋಡಿದೆ, ಕಾಣಲಿಲ್ಲ. ಈ ದತ್ತಾಂಶಗಳಲ್ಲಿ ಯಾವುದನ್ನು ನಂಬಬೇಕು? ಎಷ್ಟು ದಿನಕ್ಕೊಮ್ಮೆ, ಎಷ್ಟು ಗಂಟೆ ನೀರು ಕೊಡಬೇಕೆಂಬುದನ್ನು ಇವುಗಳಿಂದ ತೀರ್ಮಾನಿಸುವ ಕ್ರಮವೊಂದಿದೆಯೇ, ಅಥವಾ ಇವೆಲ್ಲ ನೋಡಿ ಸಂತೋಷಪಡುವ ಬಣ್ಣದ ಚಿತ್ರಗಳಷ್ಟೆಯೇ? ಮಣ್ಣು ಮರಳು ಬೆರೆತ ಜೇಡಿ.

ಉತ್ತರ 1

ನಿಮ್ಮ ಬೆಳೆಗೆ ಬಹುಶಃ ರೋಗವಿಲ್ಲ, ನೀರಿನ ಸಾಲವಿದೆ. ಆ ಸಾಲ ಹೇಗೆ ಬೆಳೆಯಿತು ಎಂಬುದನ್ನು ನೀವು ಕೊಟ್ಟ ಅಂಕಿಗಳಿಂದಲೇ ತೋರಿಸಬಹುದು. ಅದಕ್ಕೆ ಉಪಗ್ರಹ ಬೇಕಾಗಿಲ್ಲ, ಹವಾಮಾನದ ಒಂದು ಅಂಕಿ ಮತ್ತು ಒಂದು ಪುಸ್ತಕ ಸಾಕು.

ಬೇರುವಲಯವನ್ನು ಉಳಿತಾಯ ಖಾತೆಯೆಂದು ತಿಳಿಯಿರಿ. ಮಳೆಯೂ ನೀರಾವರಿಯೂ ಜಮೆ, ಮಣ್ಣಿನಿಂದ ಆವಿಯಾಗುವುದೂ ಎಲೆಯಿಂದ ಹೊರಹೋಗುವುದೂ ಖರ್ಚು. ಈ ಎರಡು ಖರ್ಚುಗಳನ್ನು ಸೇರಿಸಿ ಇಟಿ ಎನ್ನುತ್ತಾರೆ. ಅದನ್ನು ಲೆಕ್ಕ ಹಾಕುವ ವಿಧಾನವನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1998ರಲ್ಲಿ ತನ್ನ 56ನೆಯ ನೀರಾವರಿ ಪ್ರಬಂಧದಲ್ಲಿ ಪ್ರಕಟಿಸಿತು. ಇಂದಿಗೂ ಹೆಚ್ಚಿನ ಸಲಹಾ ಸೇವೆಗಳ ಒಳಗೆ ಓಡುತ್ತಿರುವುದು ಅದೇ. ಮೊದಲು ತಾಪಮಾನ, ಆರ್ದ್ರತೆ, ಗಾಳಿ ಮತ್ತು ಬಿಸಿಲಿನಿಂದ ಒಂದು ಆಧಾರ ಇಟಿಯನ್ನು ಲೆಕ್ಕ ಮಾಡುತ್ತಾರೆ. ಇದು 12 ಸೆಂಟಿಮೀಟರ್ ಎತ್ತರದ, ನೀರಿಗೆ ಕೊರತೆಯಿಲ್ಲದ ಹುಲ್ಲಿನ ಹಾಸು ದಿನಕ್ಕೆ ಖರ್ಚು ಮಾಡುವ ನೀರು. ಆಮೇಲೆ ಅದನ್ನು ಬೆಳೆ ಗುಣಾಂಕದಿಂದ ಗುಣಿಸುತ್ತಾರೆ. ಮೆಕ್ಕೆಜೋಳದ ಗುಣಾಂಕ ಮೊಳಕೆಯ ಹಂತದಲ್ಲಿ 0.3ರ ಆಸುಪಾಸಿನಲ್ಲಿದ್ದು, ಎಲೆಗಳು ನೆಲವನ್ನು ಪೂರ್ತಿ ಮುಚ್ಚಿದ ಮೇಲೆ 1.2ಕ್ಕೆ ಏರುತ್ತದೆ. ಈ 0.3 ಅಪರೂಪಕ್ಕೆ ನೀರು ಬೀಳುವ ನೆಲಕ್ಕೆ ಹೇಳಿದ್ದು. ನಿಮ್ಮ ಹಾಗೆ ಪ್ರತಿದಿನ ಮೇಲ್ಮೈ ತೋಯಿಸಿದರೆ ಬರಿಯ ಮಣ್ಣಿನಿಂದ ಆವಿಯಾಗುವುದೇ ಅದರ ಎರಡು ಪಟ್ಟಿಗೂ ಮಿಗುತ್ತದೆ.

ಈಗ ಖಾತೆಯ ಗಾತ್ರ ನೋಡೋಣ. ನಿಮ್ಮ ಬಗೆಯ ಮಣ್ಣು ಒಂದು ಮೀಟರ್ ಆಳಕ್ಕೆ ಸುಮಾರು 140 ಮಿ.ಮೀ. ಬಳಸಬಹುದಾದ ನೀರನ್ನು ಹಿಡಿದಿಡುತ್ತದೆ ಎಂದುಕೊಳ್ಳೋಣ. ಬೇರು 80 ಸೆಂಟಿಮೀಟರ್ ಇಳಿದಿದ್ದರೆ 112 ಮಿ.ಮೀ. ಅದರಷ್ಟನ್ನೂ ಬೆಳೆ ಸುಲಭವಾಗಿ ಹೀರಲಾರದು. ಮೆಕ್ಕೆಜೋಳಕ್ಕೆ ಪುಸ್ತಕ ಕೊಡುವ ಮಿತಿ ಶೇ. 55, ಆದರೆ ದಿನಕ್ಕೆ 6 ಮಿ.ಮೀ. ಖರ್ಚಾಗುವ ಬಿಸಿ ದಿನಗಳಲ್ಲಿ ಅದೇ ಪುಸ್ತಕದ ತಿದ್ದುಪಡಿಯಂತೆ ಮಿತಿ ಶೇ. 51ಕ್ಕೆ ಇಳಿಯುತ್ತದೆ. ಅಂದರೆ 57 ಮಿ.ಮೀ. ಖಾಲಿಯಾಗುವವರೆಗೆ ಬೆಳೆ ನೆಮ್ಮದಿಯಾಗಿರುತ್ತದೆ, ಅದರಾಚೆ ಎಲೆ ಸುತ್ತಿಕೊಂಡು ಖರ್ಚನ್ನು ತಾನೇ ಕಡಿಮೆ ಮಾಡಿಕೊಳ್ಳತೊಡಗುತ್ತದೆ.

ಜಮೆ ಎಷ್ಟು? ಒಂದು ಮಿಲಿಮೀಟರ್ ನೀರೆಂದರೆ ಹೆಕ್ಟೇರಿಗೆ 10 ಘನ ಮೀಟರ್. ಸೆಕೆಂಡಿಗೆ 5 ಲೀಟರ್ ಎಂದರೆ ಗಂಟೆಗೆ 18 ಘನ ಮೀಟರ್, 5 ಗಂಟೆಗೆ 90. ತುಂತುರಿನಲ್ಲಿ ಗಾಳಿಗೂ ಆವಿಗೂ ಅಸಮ ಹಂಚಿಕೆಗೂ ಕಾಲು ಭಾಗ ಹೋಗುತ್ತದೆಂದು ಹಿಡಿದರೆ ಬೇರಿಗೆ ಉಳಿಯುವುದು 67.5 ಘನ ಮೀಟರ್, ಎರಡು ಹೆಕ್ಟೇರಿಗೆ ಹರಡಿದರೆ 3.4 ಮಿ.ಮೀ. ಆಧಾರ ಇಟಿ 5 ಮಿ.ಮೀ. ಇದ್ದರೆ ಈ ಹಂತದಲ್ಲಿ ಖರ್ಚು 6 ಮಿ.ಮೀ. ದಿನಕ್ಕೆ 2.6 ಮಿ.ಮೀ. ಕೊರತೆ. 57ನ್ನು 2.6ರಿಂದ ಭಾಗಿಸಿ: 22 ದಿನ. ನಿಮ್ಮ ಬೆಳೆ ನೆಲ ಮುಚ್ಚಿ ಹೆಚ್ಚುಕಡಿಮೆ ಅಷ್ಟೇ ದಿನವಾಗಿರಬೇಕು.

ಮೊದಲ ತಿಂಗಳು ಇದೇ 5 ಗಂಟೆ ಸಾಕಾಗಿತ್ತು, ಒಂದಿಷ್ಟು ಬೇರಿನಾಚೆಗೆ ಇಳಿದೂ ಹೋಗಿರಬಹುದು. ಬೆಳೆ ಬೆಳೆದಂತೆ ಖರ್ಚು ಹೆಚ್ಚಿತು, ಗಡಿಯಾರ ಮಾತ್ರ ಅಲ್ಲೇ ನಿಂತಿತು. ಇನ್ನು, ದಿನವೂ ಸ್ವಲ್ಪಸ್ವಲ್ಪ ಕೊಡುವುದರಿಂದ ನೀರು ಮೇಲಿನ ಒಂದು ಗೇಣಿನಲ್ಲಿಯೇ ಉಳಿಯುತ್ತದೆ. ಕಾಲಿಗೆ ಒದ್ದೆ ಹತ್ತಿದ್ದು ಅದಕ್ಕೇ.

ಎರಡು ಕೆಲಸಗಳನ್ನು ನಾಳೆಯೇ ಮಾಡಿ. 200 ಲೀಟರಿನ ಪೀಪಾಯಿ ಇಟ್ಟು ಅದು ತುಂಬಲು ಎಷ್ಟು ಸೆಕೆಂಡು ಬೇಕೆಂದು ಅಳೆಯಿರಿ, ಪಂಪಿನ ಬಗ್ಗೆ ಬೇರೆಯವರು ಹೇಳಿದ ಅಂಕಿಯನ್ನು ನಂಬಬೇಡಿ. ಮೂರು ಕಡೆ ಮೊಣಕಾಲಿಗಿಂತ ತುಸು ಆಳದ ಗುಂಡಿ ತೋಡಿ, 15, 40 ಮತ್ತು 60 ಸೆಂಟಿಮೀಟರ್ ಆಳದ ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ, ಹದ ಹೇಗಿದೆಯೆಂದು ಇಲ್ಲಿ ಬರೆಯಿರಿ.

ಉತ್ತರ 2

ಮೇಲಿನವರ ಲೆಕ್ಕಕ್ಕೆ ನನ್ನ ತಕರಾರಿಲ್ಲ. ಆದರೆ ಉಪಗ್ರಹ ಬೇಕಾಗಿಲ್ಲ ಎಂಬಲ್ಲಿಗೆ ಮಾತು ನಿಂತರೆ ಅರ್ಧ ವಿಷಯ ಬಿಟ್ಟುಹೋಗುತ್ತದೆ. ನಾನು ಇಂಥ ಚಿತ್ರಗಳನ್ನು ಸಂಸ್ಕರಿಸುವ ಕೆಲಸದಲ್ಲಿರುವವನು. ಜನ ಉಪಗ್ರಹವನ್ನು ದೂರುವ ಬಹುಪಾಲು ಸಂದರ್ಭಗಳಲ್ಲಿ, ಅದು ನೋಡದೇ ಇರುವುದನ್ನು ನೋಡಿದೆ ಎಂದು ಸೇವೆಯ ಪರದೆ ಹೇಳಿರುತ್ತದೆ.

ನಿಮ್ಮ ತೇವಾಂಶದ ನಕ್ಷೆಯನ್ನೇ ತೆಗೆದುಕೊಳ್ಳಿ. ಇಂಥ ನಕ್ಷೆಗಳ ಹಿಂದೆ ಹೆಚ್ಚಾಗಿ ಇರುವುದು 2015ರ ಜನವರಿ 31ರಂದು ನಾಸಾ ಹಾರಿಸಿದ ಸ್ಮ್ಯಾಪ್, ಇಲ್ಲವೇ 2009ರಲ್ಲಿ ಯುರೋಪ್ ಹಾರಿಸಿದ ಸ್ಮಾಸ್. ಇವು ನೆಲ ತಾನಾಗಿ ಹೊರಸೂಸುವ, ಸುಮಾರು 21 ಸೆಂಟಿಮೀಟರ್ ಉದ್ದದ ಸೂಕ್ಷ್ಮತರಂಗವನ್ನು ಅಳೆಯುತ್ತವೆ. ಸ್ಮ್ಯಾಪ್‌ನಲ್ಲಿ ವಿವರವನ್ನು ಹೆಚ್ಚಿಸಲೆಂದು ಇಟ್ಟಿದ್ದ ರೇಡಾರ್ 2015ರ ಜುಲೈನಲ್ಲಿಯೇ ನಿಂತುಹೋಯಿತು. ಉಳಿದದ್ದು ನೆಲದ ತರಂಗವನ್ನು ಅಳೆಯುವ ರೇಡಿಯೋಮೀಟರ್, ಅದರ ಸಹಜ ವಿವರ 36 ಕಿಲೋಮೀಟರಿನದು. ಗಣಿತದಿಂದ ಸಾಣೆ ಹಿಡಿದ ಆವೃತ್ತಿಯಲ್ಲಿ 9 ಕಿಲೋಮೀಟರಿನ ಚೌಕ. ಆ ಒಂದು ಚೌಕದಲ್ಲಿ 8,100 ಹೆಕ್ಟೇರ್ ಇರುತ್ತದೆ, ನಿಮ್ಮದು ಎರಡು. ಜೊತೆಗೆ ಆ ಅಳತೆ ಮೇಲಿನ 5 ಸೆಂಟಿಮೀಟರ್ ಮಣ್ಣಿನದು. ನಿಮ್ಮ ಬೇರು ದಾಹಪಡುತ್ತಿರುವುದು ಅದರ ಎಷ್ಟೋ ಕೆಳಗೆ. ಹೀಗಾಗಿ ನಕ್ಷೆಯ ನೀಲಿ ಸುಳ್ಳಲ್ಲ, ಆದರೆ ಅದು ನಿಮ್ಮ ಜಮೀನಿನ ಮಾತೂ ಅಲ್ಲ. ಸುತ್ತಲಿನ ಸೀಮೆಯೆಲ್ಲ ಒಣಗುತ್ತಿದೆಯೇ ಎಂದು ತಿಳಿಯಲು ಮಾತ್ರ ಅದನ್ನು ಬಳಸಿ.

ಮಳೆಯದೂ ಹೆಚ್ಚುಕಡಿಮೆ ಇದೇ ಕಥೆ. 2014ರ ಫೆಬ್ರವರಿಯಲ್ಲಿ ಹಾರಿದ ಜಿಪಿಎಂ ಉಪಗ್ರಹವನ್ನು ಕೇಂದ್ರವಾಗಿಟ್ಟುಕೊಂಡ ಇಮರ್ಜ್ ಎಂಬ ದತ್ತಾಂಶ ಅರ್ಧ ಗಂಟೆಗೊಮ್ಮೆ, ಸುಮಾರು 11 ಕಿಲೋಮೀಟರಿನ ಚೌಕಕ್ಕೆ ಒಂದು ಸರಾಸರಿ ಕೊಡುತ್ತದೆ. ಗುಡುಗು ಮಳೆ ಒಂದು ಬದುವಿನ ಆಚೆ ಸುರಿದು ಈಚೆ ನಿಲ್ಲುವಂಥದ್ದು. 18 ಮತ್ತು 4, ಎರಡೂ ಅವರವರ ಮಟ್ಟಿಗೆ ಸರಿಯಿರಬಹುದು. ನಿಮ್ಮ ಖಾತೆಗೆ ಡಬ್ಬಿಯ 4ನ್ನೇ ಜಮೆ ಮಾಡಿ. 18 ಬರೆದರೆ ಎರಡು ದಿನಕ್ಕೂ ಹೆಚ್ಚಿನ ನೀರು ಕಾಗದದ ಮೇಲಷ್ಟೇ ಇರುತ್ತದೆ.

ಹಾಗಾದರೆ ಯಾವ ಉಪಗ್ರಹ ನಿಮ್ಮ ಜಮೀನನ್ನು ನಿಜವಾಗಿ ನೋಡುತ್ತದೆ? ಸೆಂಟಿನೆಲ್-2. ಕೆಂಪು ಮತ್ತು ಸಮೀಪದ ಅವಕೆಂಪು ಪಟ್ಟಿಗಳಲ್ಲಿ ಅದರ ಪಿಕ್ಸೆಲ್, ಅಂದರೆ ಚಿತ್ರದ ಒಂದು ಚುಕ್ಕೆ, 10 ಮೀಟರಿನದು, ಜೋಡಿ ಉಪಗ್ರಹಗಳು ಸೇರಿ 5 ದಿನಕ್ಕೊಮ್ಮೆ ಬರುತ್ತವೆ, ಚಿತ್ರಗಳು ಉಚಿತ. ನಿಮ್ಮ ಜಮೀನು 100 ಮೀಟರಿಗೆ 200 ಮೀಟರ್ ಇದ್ದರೆ 200 ಪಿಕ್ಸೆಲ್. ಅಂಚಿನ ಪಿಕ್ಸೆಲ್‌ಗಳಲ್ಲಿ ಬದು, ದಾರಿ, ಪಕ್ಕದವರ ಬೆಳೆ ಎಲ್ಲ ಬೆರೆತಿರುವುದರಿಂದ ಒಂದು ಸುತ್ತನ್ನು ಬಿಡಬೇಕು. ಆಗ 144 ಉಳಿಯುತ್ತವೆ. ಅಷ್ಟು ಧಾರಾಳವಾಗಿ ಸಾಕು.

ಆದರೆ ಅಲ್ಲಿ ಸಿಗುವ ಹಸಿರಿನ ಸೂಚ್ಯಂಕ, ಅಂದರೆ ಎನ್‌ಡಿವಿಐ, ನೀರನ್ನು ಅಳೆಯುವುದಿಲ್ಲ. ಎಲೆಯ ಹರವನ್ನು ಅಳೆಯುತ್ತದೆ. ಇದರಿಂದ ಎರಡು ಸಂಗತಿಗಳು ಹೊರಡುತ್ತವೆ. ಪುಸ್ತಕದ ಬೆಳೆ ಗುಣಾಂಕ ‘ಇಷ್ಟನೆಯ ದಿನಕ್ಕೆ ಇಷ್ಟು’ ಎನ್ನುತ್ತದೆ, ಆದರೆ ನಿಮ್ಮ ಬೆಳೆ ತಡವಾಗಿ ಮೊಳೆತಿರಬಹುದು, ತೆಳುವಾಗಿರಬಹುದು. ಎಲೆ ನೆಲವನ್ನು ನಿಜವಾಗಿ ಎಷ್ಟು ಮುಚ್ಚಿದೆಯೆಂದು ಎನ್‌ಡಿವಿಐ ಹೇಳುವುದರಿಂದ ಆ ಗುಣಾಂಕವನ್ನು ನಿಮ್ಮ ಹೊಲಕ್ಕೆ ತಿದ್ದಿಕೊಳ್ಳಬಹುದು. ಉಪಗ್ರಹದ ಅತ್ಯುತ್ತಮ ಬಳಕೆ ಇದು. ಇನ್ನೊಂದು, ಎಲೆ ದಟ್ಟವಾದ ಮೇಲೆ ಸೂಚ್ಯಂಕ ಮೇಲ್ಮಿತಿಗೆ ತಾಗಿ ನಿಂತುಬಿಡುತ್ತದೆ, ಮತ್ತು ಬಾಯಾರಿದ ಎಲೆ ಹಲವು ದಿನ ಹಸಿರಾಗಿಯೇ ಇರುತ್ತದೆ. ಎನ್‌ಡಿವಿಐ ಇಳಿಯುವ ಹೊತ್ತಿಗೆ ಇಳುವರಿಯೂ ಇಳಿದಿರುತ್ತದೆ.

ಬಾಯಾರಿಕೆಯನ್ನು ಮೊದಲು ತೋರಿಸುವುದು ಉಷ್ಣ ಚಿತ್ರ. ನೀರು ಹೊರಬಿಡುವ ಎಲೆ ತಂಪಾಗಿರುತ್ತದೆ, ರಂಧ್ರ ಮುಚ್ಚಿಕೊಂಡ ಎಲೆ ಬಿಸಿಯಾಗುತ್ತದೆ. ಲ್ಯಾಂಡ್‌ಸ್ಯಾಟ್ 8 ಮತ್ತು 9 ಸೇರಿ 8 ದಿನಕ್ಕೊಮ್ಮೆ ಇದನ್ನು ಅಳೆಯುತ್ತವೆ. ಒಂದು ಎಚ್ಚರಿಕೆ: ಕಡತದಲ್ಲಿ ಪಿಕ್ಸೆಲ್ 30 ಮೀಟರ್ ಎಂದು ಬರೆದಿದ್ದರೂ ಉಷ್ಣ ಪಟ್ಟಿಯ ನಿಜವಾದ ಅಳತೆ 100 ಮೀಟರಿನದು, ಅಂದರೆ ಪಿಕ್ಸೆಲ್ಲಿಗೆ ಒಂದು ಹೆಕ್ಟೇರ್. ನಿಮಗೆ ಸಿಗುವುದು ಬಹಳವೆಂದರೆ ಎರಡು ಪಿಕ್ಸೆಲ್, ಅವೂ ಪಕ್ಕದ ಹೊಲದೊಂದಿಗೆ ಬೆರೆತವು. ಸಣ್ಣ ಹಿಡುವಳಿಗೆ ಇದು ಇನ್ನೂ ಕೈಗೆಟುಕದ ಹಣ್ಣು.

ಮೋಡದ ಮಾತು ಬೇರೆ ಇದೆ. ಬೆಳಕಿನ ಚಿತ್ರವಾಗಲಿ ಉಷ್ಣ ಚಿತ್ರವಾಗಲಿ ಮೋಡದಡಿ ಏನನ್ನೂ ಕಾಣವು. ತೆಳುಮೋಡವೂ ಮೋಡದ ನೆರಳೂ ಬೆಳೆ ಕುಂದಿದಂತೆ ತೋರಿಸುತ್ತವೆ, ಆದ್ದರಿಂದ ಒಂದೇ ಚಿತ್ರದಲ್ಲಿ ಸೂಚ್ಯಂಕ ಥಟ್ಟನೆ ಕುಸಿದರೆ ಗಾಬರಿಯಾಗದೆ ಮುಂದಿನ ಚಿತ್ರಕ್ಕೆ ಕಾಯಿರಿ. ರೇಡಾರ್ ಮೋಡವನ್ನು ದಾಟಿ ನೋಡುತ್ತದೆ; ಸೆಂಟಿನೆಲ್-1 ಹಾಗೂ 2025ರ ಜುಲೈ 30ರಂದು ಹಾರಿದ ನಿಸಾರ್ ಈ ಬಗೆಯವು. ಆದರೆ ಎತ್ತರದ ಮೆಕ್ಕೆಜೋಳದಡಿಯಲ್ಲಿ ಸೆಂಟಿನೆಲ್-1ರ ಐದಾರು ಸೆಂಟಿಮೀಟರಿನ ಅಲೆ ಮಣ್ಣಿಗಿಂತ ಎಲೆ ಮತ್ತು ಕಾಂಡವನ್ನೇ ಹೆಚ್ಚು ಕಾಣುತ್ತದೆ.

ನಿಮಗೆ ನನ್ನ ಸಲಹೆ ಒಂದೇ. ಸೂಚ್ಯಂಕದ ಅಂಕಿಯನ್ನು ಮರೆತು, ಒಂದೇ ದಿನದ ಚಿತ್ರದಲ್ಲಿ ನಿಮ್ಮ ಹೊಲದ ಒಂದು ಮೂಲೆಗೂ ಇನ್ನೊಂದು ಮೂಲೆಗೂ ಇರುವ ವ್ಯತ್ಯಾಸ ನೋಡಿ. ಸೇವೆಯ ಬಣ್ಣದ ಪಟ್ಟಿ 0ರಿಂದ 1ರವರೆಗೆ ಹರಡಿದ್ದರೆ ಎಲ್ಲವೂ ಒಂದೇ ಹಸಿರಾಗಿ ಕಾಣುತ್ತದೆ. ಅದನ್ನು 0.7ರಿಂದ 0.9ಕ್ಕೆ ಬಿಗಿ ಮಾಡಿ ನೋಡಿ.

ಪ್ರಶ್ನೆ ಕೇಳಿದವರ ಮರುಮಾತು

ಇಬ್ಬರೂ ಹೇಳಿದ್ದನ್ನು ಮಾಡಿದೆ. ಪೀಪಾಯಿ ತುಂಬಲು 48 ಸೆಕೆಂಡು ಹಿಡಿಯಿತು. ಅಂದರೆ ಸೆಕೆಂಡಿಗೆ 5 ಲೀಟರ್ ಅಲ್ಲ, 4.2ಕ್ಕಿಂತ ಒಂದು ಕೂದಲಷ್ಟು ಕಡಿಮೆ. ಗಂಟೆಗೆ 15 ಘನ ಮೀಟರ್. ಉತ್ತರ 1ರ ಲೆಕ್ಕವನ್ನು ಈ ಅಂಕಿಯಿಂದ ಮತ್ತೆ ಮಾಡಿದಾಗ ದಿನಕ್ಕೆ ಬೇರಿಗೆ ಸೇರಿದ್ದು 2.8 ಮಿ.ಮೀ. ಮಾತ್ರ ಎಂದಾಯಿತು. ಕೊರತೆ 3.2. ಹದಿನೆಂಟನೆಯ ದಿನಕ್ಕೆ ಖಾತೆ ಬರಿದು.

ಗುಂಡಿಗಳಲ್ಲಿ 15 ಸೆಂಟಿಮೀಟರ್ ಆಳದ ಮಣ್ಣು ಉಂಡೆ ಕಟ್ಟಿತು, ಬೆರಳಿಗೆ ಅಂಟಿತು. 40ರಲ್ಲಿ ಹಿಸುಕಿದರೆ ಪುಡಿಯಾಗಿ ಉದುರಿತು. 60ರಲ್ಲಿ ಗುದ್ದಲಿಯೇ ಟಣ್ ಎಂದಿತು. ಮೂರು ಗುಂಡಿಗಳಲ್ಲಿ ಪಂಪಿನಿಂದ ದೂರದ್ದು ಎಲ್ಲಕ್ಕಿಂತ ಒಣ. ಅಲ್ಲಿ ಒದ್ದೆ ಒಂದು ಗೇಣೂ ಇರಲಿಲ್ಲ.

ಬಣ್ಣದ ಪಟ್ಟಿಯನ್ನು ಬಿಗಿ ಮಾಡಿದಾಗ ಕಂಡದ್ದು ನನ್ನನ್ನು ಸುಮ್ಮನಾಗಿಸಿತು. ಕೊಳವೆ ಸಾಲಿನ ಕೊನೆಯ ಭಾಗದಲ್ಲಿ ಸುಮಾರು 30 ಮೀಟರ್ ಅಗಲದ ಮಾಸಲು ಪಟ್ಟಿಯೊಂದು ಹದಿನೈದು ದಿನ ಹಿಂದಿನ ಚಿತ್ರದಲ್ಲಿಯೇ ಇದೆ. ಒಂದೇ ಅಳತೆಯ 16 ಡಬ್ಬಿಗಳನ್ನು ಅಲ್ಲಲ್ಲಿ ಇಟ್ಟು ಒಂದು ಗಂಟೆ ನೀರು ಬಿಟ್ಟು ನೋಡಿದರೆ, ಕೊನೆಯ ಸಾಲಿನ ಡಬ್ಬಿಗಳಲ್ಲಿ ಮೊದಲ ಸಾಲಿನ ಅರ್ಧದಷ್ಟು ನೀರಿತ್ತು. ನಾಲ್ಕು ನಳಿಕೆಗಳಲ್ಲಿ ಮರಳು ಸಿಕ್ಕಿಕೊಂಡಿತ್ತು, ಒಂದು ಜೋಡಣೆ ಸೋರುತ್ತಿತ್ತು. ಇವೆರಡನ್ನೂ ಸರಿಪಡಿಸಿದ್ದೇನೆ.

ಈಗ ಎರಡು ಪ್ರಶ್ನೆಗಳು ಉಳಿದಿವೆ. ಪಂಪನ್ನು ದಿನಕ್ಕೆ 10 ಗಂಟೆಯವರೆಗೆ ಓಡಿಸಬಲ್ಲೆ, ಅದಕ್ಕಿಂತ ಹೆಚ್ಚು ಆಗದು. ಖಾಲಿಯಾದ 57 ಮಿ.ಮೀ. ತುಂಬುವುದು ಹೇಗೆ? ಮೂರು ದಿನದೊಳಗೆ ಮಳೆಯ ಸಾಧ್ಯತೆ ಶೇ. 60 ಎಂದು ಮುನ್ಸೂಚನೆ ಹೇಳುತ್ತಿದೆ. ಕಾಯಲೇ?

ಉತ್ತರ 3

ಮುನ್ಸೂಚನೆ ಮತ್ತು ಹವಾಮಾನದ ಅಂಕಿಗಳ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ಈ ದಾರಿಯಲ್ಲಿ ನಾನೇ ಎರಡು ಬಾರಿ ಎಡವಿದ್ದೇನೆ.

‘ಶೇ. 60 ಸಾಧ್ಯತೆ’ ಎನ್ನುವಾಗ ಎಷ್ಟು ಮಳೆಗೆ ಆ ಸಾಧ್ಯತೆ ಎಂದು ಮೊದಲು ಕೇಳಬೇಕು. ಬಹಳಷ್ಟು ಸೇವೆಗಳು ಅಳತೆಗೆ ಸಿಗುವಷ್ಟು ಯಾವ ಮಳೆ ಬಂದರೂ, ಒಂದು ಮಿಲಿಮೀಟರ್‌ಗಿಂತ ಕಡಿಮೆಯಾದರೂ, ಅದನ್ನು ಎಣಿಸುತ್ತವೆ. ನಿಮಗೆ ಬೇಕಾದದ್ದು ಕನಿಷ್ಠ 15 ಮಿ.ಮೀ. ಬೀಳುವ ಸಾಧ್ಯತೆ ಎಷ್ಟು ಎಂಬುದು. ಯುರೋಪಿನ ಮಧ್ಯಾವಧಿ ಹವಾಮಾನ ಕೇಂದ್ರದ ಸಮೂಹ ಮುನ್ಸೂಚನೆಯಲ್ಲಿ ಆರಂಭದ ಸ್ಥಿತಿಯನ್ನು ಚೂರುಚೂರು ಬದಲಿಸಿ ಲೆಕ್ಕವನ್ನು 51 ಸಲ ಓಡಿಸುತ್ತಾರೆ. ಅವುಗಳಲ್ಲಿ ಎಷ್ಟು ಓಟಗಳು 15 ಮಿ.ಮೀ. ದಾಟಿದವು ಎಂದು ತೋರಿಸುವ ಸೇವೆಯನ್ನು ಹುಡುಕಿ ನೋಡಿ, ಶೇ. 60 ಎಂದು ಓದಿದ್ದು ಶೇ. 20ಕ್ಕೆ ಇಳಿದರೂ ಆಶ್ಚರ್ಯಪಡಬೇಡಿ.

ಕಾಯಬೇಕೇ ಎಂಬುದು ಆಕಾಶಕ್ಕಿಂತ ನಿಮ್ಮ ಖಾತೆಯನ್ನು ನೋಡಿ ತೀರ್ಮಾನಿಸುವ ವಿಷಯ. ಖಾತೆಯಲ್ಲಿ 20 ಮಿ.ಮೀ. ಅಷ್ಟೇ ಖಾಲಿಯಿದ್ದಾಗ ಮೂರು ದಿನ ಕಾದು ಮಳೆ ಕೈಕೊಟ್ಟರೆ ಏನೂ ನಷ್ಟವಿಲ್ಲ, ಬಂದರೆ ಪೂರ್ತಿ ಲಾಭ. ಮಿತಿ ದಾಟಿ, ಅದೂ ರೇಷ್ಮೆ ಎಳೆ ಹೊರಬರುವ ಹೊತ್ತಿನಲ್ಲಿ ಕಾದರೆ ಲೆಕ್ಕ ತಿರುವುಮುರುವಾಗುತ್ತದೆ. ಮೆಕ್ಕೆಜೋಳ ಇಡೀ ಆಯುಸ್ಸಿನಲ್ಲಿ ನೀರಿನ ಕೊರತೆಯನ್ನು ಅತ್ಯಂತ ಕಡಿಮೆ ಸಹಿಸುವುದು ಈ ಎರಡು ವಾರಗಳಲ್ಲಿ; ಪರಾಗ ಉದುರುವುದಕ್ಕೂ ಎಳೆ ಹೊರಬರುವುದಕ್ಕೂ ಅಂತರ ಬಿದ್ದರೆ ತೆನೆಯಲ್ಲಿ ಕಾಳು ಕಟ್ಟುವುದಿಲ್ಲ, ಆಮೇಲೆ ಎಷ್ಟು ನೀರು ಕೊಟ್ಟರೂ ಅದು ತುಂಬಿ ಬಾರದು. ಕಾಯಬೇಡಿ. ಹೇಗೂ ನಿಮ್ಮ ಖಾತೆ ಒಂದೆರಡು ದಿನದಲ್ಲಿ ತುಂಬುವಂಥದ್ದಲ್ಲ. ಮಳೆ ಬಂದರೂ ಅದಕ್ಕೆ ಜಾಗ ಇದ್ದೇ ಇರುತ್ತದೆ.

ಇನ್ನು ನಾನು ಎಡವಿದ್ದು. ಸಣ್ಣದೊಂದು ಹವಾಮಾನ ಘಟಕವನ್ನು ಮನೆಯ ತಾರಸಿಯ ಮೇಲೆ ನಿಲ್ಲಿಸಿದ್ದೆ, ಇಂಟರ್ನೆಟ್ ಸಂಕೇತ ಅಲ್ಲಿ ಚೆನ್ನಾಗಿ ಸಿಗುತ್ತದೆಂಬ ಒಂದೇ ಕಾರಣಕ್ಕೆ. ಕಾದ ಕಾಂಕ್ರೀಟಿನ ಮೇಲಿನ ಒಣ ಬಿಸಿ ಗಾಳಿಯನ್ನು ಅದು ಹೊಲದ ಗಾಳಿಯೆಂದು ನಂಬಿತು, ನಾನು ಅದನ್ನು ನಂಬಿದೆ, ಒಂದು ಹಂಗಾಮು ಪೂರ್ತಿ ಅಗತ್ಯಕ್ಕಿಂತ ಹೆಚ್ಚು ನೀರು ಕೊಟ್ಟೆ. ಆಧಾರ ಇಟಿಯ ಸೂತ್ರ ನೀರುಂಡ ಹುಲ್ಲಿನ ಮೇಲೆ 2 ಮೀಟರ್ ಎತ್ತರದಲ್ಲಿ ಅಳೆದ ಗಾಳಿಯನ್ನು ಕೇಳುತ್ತದೆ. ಎರಡನೆಯ ಸಲ ಎಡವಿದ್ದು ಅಲ್ಲಿಯೇ: ಅಂತರ್ಜಾಲದಿಂದ ಇಳಿಸಿಕೊಂಡ ಗಾಳಿಯ ವೇಗ 10 ಮೀಟರ್ ಎತ್ತರದ್ದಾಗಿತ್ತು, ಅದನ್ನು ಹಾಗೆಯೇ ಸೂತ್ರಕ್ಕೆ ತುಂಬಿದೆ. 0.748ರಿಂದ ಗುಣಿಸಿ ತುಂಬಬೇಕಿತ್ತು. ಮರುವಿಶ್ಲೇಷಣೆಯ ದತ್ತಾಂಶ (ಹಳೆಯ ಅಳತೆಗಳನ್ನು ಹವಾಮಾನ ಮಾದರಿಯಲ್ಲಿ ಮತ್ತೆ ಓಡಿಸಿ ಪಡೆದದ್ದು) ಬಳಸುವವರೆಲ್ಲ ಇದನ್ನು ಒಮ್ಮೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಗಾಳಿ, ಆರ್ದ್ರತೆ ಯಾವುದೂ ಸಿಗದಿದ್ದರೆ 1985ರ ಹಾರ್ಗ್ರೀವ್ಸ್-ಸಮಾನಿ ಸೂತ್ರವಿದೆ. ಅದಕ್ಕೆ ದಿನದ ಗರಿಷ್ಠ, ಕನಿಷ್ಠ ತಾಪಮಾನ ಮತ್ತು ಅಕ್ಷಾಂಶ ಸಾಕು. ಅಕ್ಷಾಂಶ ಮತ್ತು ತಾರೀಖಿನಿಂದ ವಾತಾವರಣದ ಮೇಲ್ತುದಿಗೆ ಬೀಳುವ ಬಿಸಿಲು ತಿಳಿಯುತ್ತದೆ. 34 ಮತ್ತು 22 ಡಿಗ್ರಿಯ ದಿನ, ಆ ಬಿಸಿಲು ನೀರಿನ ಲೆಕ್ಕದಲ್ಲಿ 15.5 ಮಿ.ಮೀ. ಇದ್ದರೆ, ಉತ್ತರ 5.7 ಮಿ.ಮೀ. ಬರುತ್ತದೆ. ಹವೆಯಲ್ಲಿ ತೇವ ಹೆಚ್ಚಿರುವ ದಿನಗಳಲ್ಲಿ ಈ ಸೂತ್ರ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ. ಆದರೂ 5 ಗಂಟೆ ಎಂದು ಗೋಡೆಯ ಮೇಲೆ ಬರೆದಿಟ್ಟುಕೊಳ್ಳುವುದಕ್ಕಿಂತ ಎಷ್ಟೋ ಮೇಲು.

ಉತ್ತರ 4

ಒಂದು ಕಾಲುವೆಯ ಅಚ್ಚುಕಟ್ಟಿನಲ್ಲಿ ನೀರು ಹಂಚುವ ಕಡೆ ನಿಂತು ನೋಡುವವನಾದ್ದರಿಂದ ಎರಡು ಮಾತು ಸೇರಿಸುತ್ತೇನೆ. ಉತ್ತರ 2ರಲ್ಲಿ ಕೈಗೆಟುಕದ ಹಣ್ಣು ಎಂದ ಉಷ್ಣ ಚಿತ್ರ ನಮ್ಮ ಮಟ್ಟಿಗೆ ಅತ್ಯಂತ ಉಪಯುಕ್ತವಾದದ್ದು. ಸಾವಿರಾರು ಹೆಕ್ಟೇರಿನ ಮೇಲೆ 100 ಮೀಟರಿನ ಪಿಕ್ಸೆಲ್ ಒರಟೇನಲ್ಲ. ನೆಲಕ್ಕೆ ಬಿದ್ದ ಶಕ್ತಿಯಲ್ಲಿ ಮಣ್ಣನ್ನೂ ಗಾಳಿಯನ್ನೂ ಕಾಯಿಸಲು ಹೋದದ್ದನ್ನು ಕಳೆದರೆ ಉಳಿದದ್ದು ನೀರನ್ನು ಆವಿಯಾಗಿಸಲು ಖರ್ಚಾಗಿದೆ ಎಂಬ ತತ್ತ್ವದ ಮೇಲೆ 1990ರ ದಶಕದಲ್ಲಿ ಸೆಬಾಲ್, ಆಮೇಲೆ ಮೆಟ್ರಿಕ್ ಎಂಬ ಲೆಕ್ಕಕ್ರಮಗಳು ಬಂದವು. ಅಮೆರಿಕದ ಪಶ್ಚಿಮ ರಾಜ್ಯಗಳಿಗೆ 2021ರಿಂದ ಓಪನ್‌ಇಟಿ ಎಂಬ ಸೇವೆ ಇಂಥ ಹಲವು ಮಾದರಿಗಳ ಫಲವನ್ನು ಹೊಲದ ಮಟ್ಟದಲ್ಲಿ ಸಾರ್ವಜನಿಕವಾಗಿ ಕೊಡುತ್ತಿದೆ. ಆಹಾರ ಮತ್ತು ಕೃಷಿ ಸಂಸ್ಥೆಯ ವೇಪೋರ್ ಎಂಬ ಇಂಥದೇ ಸೇವೆ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದಿಂದ ಆರಂಭವಾದದ್ದು. ಇಂಥ ನಕ್ಷೆಯನ್ನು ಕಾಲುವೆಯ ತಲೆಯಿಂದ ತುದಿಯವರೆಗೆ ಹರಡಿ ನೋಡಿದರೆ ಯಾರ ಪಾಲು ಯಾರಿಗೆ ಹೋಗುತ್ತಿದೆಯೆಂಬುದು ಸಭೆಯಲ್ಲಿ ವಾದಿಸುವ ಮೊದಲೇ ಕಂಡುಬಿಡುತ್ತದೆ.

ಎರಡನೆಯ ಮಾತು ಸ್ವಲ್ಪ ಕಹಿ. ಉತ್ತರ 1ರಲ್ಲಿ ‘ಹೋಗುತ್ತದೆ’ ಎಂದು ಬರೆದ ಕಾಲು ಭಾಗದಲ್ಲಿ ಮಣ್ಣಿನಾಳಕ್ಕೆ ಇಳಿದದ್ದು ಅಂತರ್ಜಲಕ್ಕೆ ಮರಳುತ್ತದೆ, ಮತ್ತೊಬ್ಬರ ಬಾವಿಗೆ ಬರುತ್ತದೆ. ಆವಿಯಾಗಿ ಹೋದದ್ದು ಮಾತ್ರ ಸೀಮೆಗೆ ನಿಜವಾದ ಖರ್ಚು. ದಕ್ಷತೆ ಹೆಚ್ಚಿಸಿ ಉಳಿಸಿದೆವೆಂದು ಹೇಳಿ ಅದೇ ನೀರಿನಲ್ಲಿ ಇನ್ನೊಂದು ಹೆಕ್ಟೇರ್ ಬೆಳೆದರೆ ಸೀಮೆಯ ಒಟ್ಟು ಖರ್ಚು ಏರುತ್ತದೆ, ಬಾವಿಗಳ ಮಟ್ಟ ಇಳಿಯುತ್ತದೆ. ಪಂಪಿನ ಮೀಟರ್ ಇದನ್ನು ಹೇಳುವುದಿಲ್ಲ, ಇಟಿ ನಕ್ಷೆ ಹೇಳುತ್ತದೆ. ಅಂತರ್ಜಲವೂ ಸೇರಿದ ಒಟ್ಟು ನೀರಿನ ಏರಿಳಿತವನ್ನು ಗುರುತ್ವದಿಂದ ತೂಗುವ ಗ್ರೇಸ್ ಜೋಡಿ ಉಪಗ್ರಹಗಳು 2002ರಿಂದ 2017ರವರೆಗೆ ಇದ್ದವು, ಅವುಗಳ ಉತ್ತರಾಧಿಕಾರಿಗಳು 2018ರಿಂದ ಹಾರುತ್ತಿವೆ. ಆದರೆ ಅವು ಕೆಲವು ನೂರು ಕಿಲೋಮೀಟರ್ ಹರವಿನ ಜಲಾನಯನಗಳನ್ನು ತೂಗುತ್ತವೆ. ಅದನ್ನು ತೋರಿಸಿ ನಿಮ್ಮ ಕೊಳವೆಬಾವಿಯ ಮಟ್ಟ ಹೇಳುತ್ತೇವೆನ್ನುವ ಸೇವೆ ಸಿಕ್ಕರೆ ದೂರವಿರಿ.

ಉತ್ತರ 1ರವರು ಮತ್ತೆ

ಗುಂಡಿ ತೋಡಿ ನೋಡಿ ಬರೆದದ್ದಕ್ಕೆ ಧನ್ಯವಾದ. ಹತ್ತರಲ್ಲಿ ಒಂಬತ್ತು ಮಂದಿ ಆ ಹಂತದಲ್ಲಿಯೇ ಈ ಚರ್ಚೆ ಬಿಟ್ಟು ಹೋಗಿರುತ್ತಾರೆ.

57 ಮಿ.ಮೀ.ಯನ್ನು ಒಂದೇ ಏಟಿಗೆ ತುಂಬಲು ನಿಮ್ಮ ಪಂಪು ನೂರು ಗಂಟೆ ಓಡಬೇಕು. ಅದನ್ನು ಮರೆತುಬಿಡಿ. ಹೊಲವನ್ನು ಅರ್ಧರ್ಧ ಹೆಕ್ಟೇರಿನ ನಾಲ್ಕು ಭಾಗ ಮಾಡಿ, ದಿನಕ್ಕೊಂದು ಭಾಗಕ್ಕೆ ಪೂರ್ತಿ 10 ಗಂಟೆ ಕೊಡಿ. 150 ಘನ ಮೀಟರಿನಲ್ಲಿ ಬೇರಿಗೆ ಸೇರುವುದು 112. ಅರ್ಧ ಹೆಕ್ಟೇರಿಗೆ ಅದು 22 ಮಿ.ಮೀ.ಗೆ ಮಿಗುತ್ತದೆ. ಇಷ್ಟು ಒಟ್ಟಿಗೆ ಬಿದ್ದರೆ ನೀರು ಒಂದು ಗೇಣನ್ನು ದಾಟಿ ಬೇರಿರುವಲ್ಲಿಗೆ ಇಳಿಯುತ್ತದೆ, ಮೇಲ್ಮೈ ನಾಲ್ಕು ದಿನಕ್ಕೊಮ್ಮೆ ಮಾತ್ರ ತೋಯುವುದರಿಂದ ಆವಿಯ ನಷ್ಟವೂ ತಗ್ಗುತ್ತದೆ. ಸರಾಸರಿ ದಿನಕ್ಕೆ 5.6 ಮಿ.ಮೀ. ಆಗುತ್ತದೆ, ಬೇಕಾದದ್ದು 6. ಅಂದರೆ ಸಾಲ ಬೆಳೆಯುವುದು ಹೆಚ್ಚುಕಡಿಮೆ ನಿಲ್ಲುತ್ತದೆ, ತೀರುವುದಕ್ಕೆ ಮಳೆಯೇ ಬರಬೇಕು. ಒಳ್ಳೆಯ ಸುದ್ದಿಯಂತೆ ಇದನ್ನು ಹೇಳಲಾರೆ. ಈ ಪಂಪಿಗೆ ಈ ಹಂತದಲ್ಲಿ ಎರಡು ಹೆಕ್ಟೇರ್ ಸ್ವಲ್ಪ ದೊಡ್ಡದೇ. ಮುಂದಿನ ಸಲ ಅರ್ಧ ಭಾಗವನ್ನು ಮೂರು ವಾರ ತಡವಾಗಿ ಬಿತ್ತಿದರೆ ಎರಡೂ ಭಾಗಗಳ ಹೂವಿನ ಕಾಲ ಒಟ್ಟಿಗೆ ಬೀಳುವುದಿಲ್ಲ.

ಮೊದಲು ಮಾಸಲು ಪಟ್ಟಿಯಿರುವ ತುದಿಯ ಭಾಗದಿಂದ ಶುರುಮಾಡಿ. ಗಾಳಿ ಕಡಿಮೆಯಿರುವ ರಾತ್ರಿ ಅಥವಾ ನಸುಕಿನಲ್ಲಿ ಓಡಿಸಿ. ಎರಡನೆಯ ಸುತ್ತು ಮುಗಿದ ಮರುದಿನ ಅದೇ ಮೂರು ಗುಂಡಿಗಳ ಪಕ್ಕದಲ್ಲಿ ಮತ್ತೆ ತೋಡಿ 40 ಸೆಂಟಿಮೀಟರಿನ ಮಣ್ಣನ್ನು ಹಿಸುಕಿ. ಉಂಡೆ ಕಟ್ಟಿದರೆ ನೀರಿನ ಶೇ. 75 ಬೇರಿಗೆ ಸೇರುತ್ತದೆಂಬ ನನ್ನ ಅಂದಾಜು ಸರಿ. ಕಟ್ಟದಿದ್ದರೆ ಡಬ್ಬಿಗಳನ್ನು ಮತ್ತೆ ಇಟ್ಟು ಆ ಅಂಕಿಯನ್ನು ಕಡಿಮೆ ಮಾಡಿಕೊಳ್ಳೋಣ, ಇಲ್ಲಿ ಬರೆಯಿರಿ.